ಶಿವಶರಣರ ಗೃಹಸ್ಥಜೀವನ

ಮಠವೆಂಬುದು ವಿರಕ್ತರ ನೆಲೆಯಾದರೂ ಅದರ ಬೇರುಗಳು ಗೃಹಸ್ಥರ ಮನೆಗಳಲ್ಲಿರುವುವೆಂಬುದು ಸರ್ವರಿಗೂ ವಿದಿತವಾದ ಸಂಗತಿಯೇ ಸರಿ. ಜೋಳಿಗೆಯನ್ನು ತುಂಬುವವರು ಭಕ್ತರು. ತುಂಬಿದ ಜೋಳಿಗೆಯಿಂದ ಪ್ರಸಾದವನ್ನು ನೀಡುವವರು ಜಂಗಮರು. ಹಗೇವಿನಲ್ಲಿ ಜೋಳವಿಲ್ಲದ ಊರಿನಲ್ಲಿ ಮಠದ ಒಲೆಯೂ ತಣ್ಣಗಿರುವುದು. ಹೀಗಿದ್ದರೂ ಧರ್ಮದ ಚರಿತ್ರೆಯನ್ನು ಬರೆಯುವಾಗ ಪೀಠಗಳ ಪರಂಪರೆ, ಅರಸರ ದತ್ತಿ, ವಾದಗಳ ಜಯ, ಪವಾಡಗಳ ಮಹಿಮೆ ಇವುಗಳಿಗೆ ಸಿಕ್ಕಿದ ಎಡೆಯು ಭಕ್ತನ ಮನೆಯ ಪಡಸಾಲೆಗೂ ಅಡಿಗೆಮನೆಗೂ ಸಿಕ್ಕಿರುವುದಿಲ್ಲ. ಮಹೋತ್ಸವದ ಈ ಸಂದರ್ಭದಲ್ಲಿ ಆ ಮರೆತ ಭಾಗವನ್ನು ನೆನೆಯುವುದು ಉಚಿತವಾಗಿರುವುದು.

೧೨ನೆಯ ಶತಮಾನದ ಶಿವಶರಣರಲ್ಲಿ ಬಹುಮಂದಿ ಸಂಸಾರಿಗಳು. ನೇಯುವವರು, ಮಡಕೆ ಮಾಡುವವರು, ಹಗ್ಗ ಹೊಸೆಯುವವರು, ಕಟ್ಟಿಗೆ ಮಾರುವವರು, ನೂಲುವವರು, ಭತ್ತ ಕುಟ್ಟುವವರು ಆ ಗಣದಲ್ಲಿದ್ದರು. ಇವರು ಶಾಂತಿಯನ್ನು ಅರಸಿಕೊಂಡು ಮನೆಯನ್ನು ಬಿಟ್ಟು ಹೋದವರಲ್ಲ. ಇದ್ದ ಮನೆಗೇ ಒಂದು ಅಳತೆಯನ್ನು ಗೊತ್ತುಮಾಡಿಕೊಂಡು ಅಲ್ಲಿಯೇ ಶಾಂತಿಯನ್ನು ಕಂಡವರು. ‘ಸಾಕು’ ಎಂಬ ಎರಡಕ್ಷರದ ನುಡಿಯನ್ನು ಹೊತ್ತಿಗೆ ಸರಿಯಾಗಿ ನುಡಿಯಬಲ್ಲ ಮನೆಯೇ ಸಂತೃಪ್ತಿಯ ಮನೆಯೆಂಬುದೂ, ಆ ನುಡಿಯನ್ನು ಗಂಡನು ಮರೆತಾಗ ಹೆಂಡತಿಯೂ, ಹಿರಿಯರು ಮರೆತಾಗ ಕಿರಿಯರೂ ನೆನಪಿಸಬಹುದೆಂಬುದೂ ಅವರ ಚರಿತ್ರೆಯಿಂದ ತಿಳಿದುಬರುವ ಮುಖ್ಯಾರ್ಥವಾಗಿರುವುದು.

ಸಂಸಾರವು ಬಂಧನವೇ?

ಶರಣರ ಕಾಲಕ್ಕೆ ಮುಂಚೆ ನಾಡಿನಲ್ಲಿ ಹಬ್ಬಿದ್ದ ಹಲವು ಮಾರ್ಗಗಳಲ್ಲಿ ಮೋಕ್ಷಕ್ಕೆ ಸಂಸಾರವು ತೊಡಕೆಂಬ ಭಾವನೆಯು ಬಲವಾಗಿದ್ದಿತು. ಮನೆಯನ್ನು ತೊರೆದವನು ಮೇಲು, ಮನೆಯಲ್ಲಿರುವವನು ಕೀಳು ಎಂಬ ಎಣಿಕೆಯಿಂದ ಹೆಂಡತಿ ಮಕ್ಕಳನ್ನು ಮಾಯೆಯೆಂದು ಕರೆಯುವುದು ವಾಡಿಕೆಯಾಗಿದ್ದಿತು. ಶರಣರ ಗಣದಲ್ಲಿಯೂ ವಿರಕ್ತರಿಗೆ ಕೊರತೆಯಿರಲಿಲ್ಲ. ಅಲ್ಲಮಪ್ರಭುದೇವರು ನೆಲೆಯಿಲ್ಲದೆ ಸಂಚರಿಸಿದ ಜಂಗಮರು. ಉಡುತಡಿಯ ಅಕ್ಕಮಹಾದೇವಿಯವರು ಅರಮನೆಯನ್ನೇ ತೊರೆದು ಶ್ರೀಶೈಲದ ದಾರಿಯನ್ನು ಹಿಡಿದವರು. ಇವರೀರ್ವರಿಗೂ ಕಲ್ಯಾಣದಲ್ಲಿ ಸಂದ ಗೌರವವು ಅಪಾರವಾದುದು. ಆದರೆ ವಿರಕ್ತಿಯನ್ನು ಗೌರವಿಸಿದ ಆ ಗಣವು ಸಂಸಾರವನ್ನು ಹಳಿಯಲಿಲ್ಲ. ಮನೆಯಲ್ಲಿದ್ದೂ ಲಿಂಗವಂತನು ಪರಿಪೂರ್ಣನಾಗಬಹುದೆಂಬುದು ಅಲ್ಲಿ ಸಿದ್ಧಾಂತವಾಯಿತು.

ಈ ಸಿದ್ಧಾಂತಕ್ಕೆ ಆಧಾರವಾದುದು ಇಷ್ಟಲಿಂಗ. ದೇವರು ಗುಡಿಯಲ್ಲಿ ಮಾತ್ರ ಇರುವನಾದರೆ ಮನೆಯು ದೇವರಿಲ್ಲದ ಠಾವಾಗುವುದು. ದೇವರನ್ನು ಅಂಗದ ಮೇಲೆ ಧರಿಸಿದಾಗ ಭಕ್ತನು ಕುಳಿತ ಎಡೆಯೇ ಪೂಜೆಯ ಎಡೆಯಾಗುವುದು. ಒಲೆಯ ಮುಂದಿರುವ ತಾಯಿಯೂ, ಮಗ್ಗದ ಕುಣಿಯಲ್ಲಿ ಕುಳಿತಿರುವ ತಂದೆಯೂ, ತೊಟ್ಟಿಲಲ್ಲಿ ಮಲಗಿರುವ ಕೂಸೂ ಒಂದೇ ಲಿಂಗದ ಸನ್ನಿಧಿಯಲ್ಲಿರುವರು. ಇದರಿಂದ ಹುಟ್ಟಿದ ಇನ್ನೊಂದು ಫಲವನ್ನು ಇಲ್ಲಿ ಹೇಳಬೇಕು. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳು ಲಿಂಗವಂತರಿಗೆ ಇಲ್ಲವೆಂದು ಶರಣರು ನಿರ್ಣಯಿಸಿದರು. ಹೆತ್ತ ತಾಯಿಯು ಮೈಲಿಗೆಯೆಂದು ದೂರ ಕೂಡುವ ಅಗತ್ಯವು ಉಳಿಯಲಿಲ್ಲ. ತಿಂಗಳಿಗೊಮ್ಮೆ ಹೆಣ್ಣುಮಗಳು ಪೂಜೆಯಿಂದ ಹೊರಗಾಗುವ ಕಾರಣವೂ ಉಳಿಯಲಿಲ್ಲ. ಭಯ ಮತ್ತು ಸಂಕೋಚಗಳು ಹೊರಟುಹೋದ ಮನೆಯಲ್ಲಿ ಸಹಜವಾದ ನೆಮ್ಮದಿಗೆ ಎಡೆಯಾಗುವುದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮುದನೂರಿನ ಮಗ್ಗದ ಮನೆ

ಈ ಗೃಹಸ್ಥಮಾರ್ಗದ ಆದ್ಯರಲ್ಲಿ ಜೇಡರ ದಾಸಿಮಯ್ಯನವರನ್ನು ಎಣಿಸುವುದು ರೂಢಿಯಾಗಿರುವುದು. ಇಂದಿನ ಯಾದಗಿರಿ ಜಿಲ್ಲೆಗೆ ಸೇರಿದ ಮುದನೂರು ಇವರ ಊರು. ನೇಯ್ಗೆ ಇವರ ಕಾಯಕ. ರಾಮನಾಥನೆಂಬುದು ಇವರ ಅಂಕಿತ. ಇವರು ಬಸವಣ್ಣನವರಿಗಿಂತ ಹಿಂದಿನವರು. ಇವರ ಧರ್ಮಪತ್ನಿಯಾದ ದುಗ್ಗಳೆಯವರೂ ವಚನಗಳನ್ನು ರಚಿಸಿದವರು. ಪತಿಯ ಹೆಸರನ್ನೂ ರಾಮನಾಥನ ಹೆಸರನ್ನೂ ಕೂಡಿಸಿ ಆ ತಾಯಿಯು ತನ್ನ ಅಂಕಿತವನ್ನು ಮಾಡಿಕೊಂಡಳು.

ಇವರ ವಿವಾಹದ ವಿಷಯದಲ್ಲಿ ನಾಡಿನ ಜನರು ಹೇಳಿಕೊಂಡು ಬಂದಿರುವ ಕಥೆಯೊಂದುಂಟು. ದಾಸಿಮಯ್ಯನವರು ಮರಳು ಬೆರೆತ ಅಕ್ಕಿಯನ್ನೂ ಕಬ್ಬಿನ ಜಲ್ಲೆಗಳನ್ನೂ ಹಿಡಿದುಕೊಂಡು, ನೀರು ಸೌದೆಗಳನ್ನು ಬೇರೆ ತೆಗೆದುಕೊಳ್ಳದೆ ಇವುಗಳಿಂದಲೇ ಪಾಯಸವನ್ನು ಮಾಡಬಲ್ಲ ಕನ್ಯೆಯನ್ನು ಅರಸುತ್ತ ಹೊರಟರಂತೆ. ಹಲವರು ನಕ್ಕು ಕಳಿಸಿದರು. ದುಗ್ಗಳೆಯವರು ನಗಲಿಲ್ಲ. ಕಬ್ಬನ್ನು ಹಿಂಡಿ ರಸವನ್ನು ತೆಗೆದರು, ಆ ರಸದಲ್ಲಿಯೇ ಅಕ್ಕಿಯನ್ನು ಗಾಳಿಸಿ ಮರಳನ್ನು ಅಡಿಗೆ ಇಳಿಸಿದರು, ಹಿಂಡಿದ ಸಿಪ್ಪೆಯನ್ನು ಒಣಗಿಸಿ ಒಲೆಗೆ ಇಟ್ಟರು, ಪಾಯಸವು ಸಿದ್ಧವಾಯಿತು. ಕಥೆಯು ಎಷ್ಟರಮಟ್ಟಿಗೆ ಚರಿತ್ರೆಯೆಂಬುದನ್ನು ವಿಚಾರಿಸುವುದಕ್ಕಿಂತ, ಜನರು ಈ ದಂಪತಿಗಳನ್ನು ಯಾವ ಗುಣಕ್ಕಾಗಿ ನೆನಪಿನಲ್ಲಿಟ್ಟುಕೊಂಡರೆಂಬುದನ್ನು ವಿಚಾರಿಸುವುದು ಲೇಸು. ವರನು ಕೇಳಿದುದು ಬಂಗಾರವನ್ನಲ್ಲ, ಕುಲವನ್ನಲ್ಲ. ಇರುವುದರಲ್ಲಿ ಮಾಡಿಕೊಳ್ಳುವ ಜಾಣ್ಮೆಯನ್ನು. ವಧುವು ತೋರಿಸಿದುದೂ ಅದನ್ನೇ. ಕಬ್ಬಿನ ರಸವೂ ವ್ಯರ್ಥವಾಗಲಿಲ್ಲ, ಸಿಪ್ಪೆಯೂ ವ್ಯರ್ಥವಾಗಲಿಲ್ಲ. ಬಡತನದ ಮನೆಯನ್ನು ಸವಿಯಾಗಿಸುವ ಗುಟ್ಟು ಇದರಲ್ಲಿಯೇ ಅಡಗಿರುವುದು.

ದಂಪತಿಗಳ ಭಕ್ತಿಯು ಒಂದೇ ಹದದಲ್ಲಿರಬೇಕು, ಒಬ್ಬರದು ಮುಂದಾಗಿ ಇನ್ನೊಬ್ಬರದು ಹಿಂದಾದರೆ ಮನೆಯು ನಡೆಯದು ಎಂಬುದು ದಾಸಿಮಯ್ಯನವರ ಬೋಧೆಯ ಸಾರ. ಹಾಸು ಹೊಕ್ಕುಗಳಲ್ಲಿ ಒಂದು ಬಿಗಿಯಾಗಿ ಇನ್ನೊಂದು ಸಡಿಲವಾದರೆ ಬಟ್ಟೆಯು ಕೆಡುವುದೆಂಬುದನ್ನು ನೇಕಾರನಿಗೆ ಬೇರೆಯವರು ಕಲಿಸಬೇಕೆ?

ಆಯ್ದಕ್ಕಿಯ ದಂಪತಿಗಳು

ಶರಣರ ಗೃಹಸ್ಥಧರ್ಮವು ಶಿಖರವನ್ನು ಮುಟ್ಟಿದುದು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಗುಡಿಸಲಿನಲ್ಲಿ. ಇವರು ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದ ಕಡೆಯವರು. ಕಲ್ಯಾಣದ ಕೀರ್ತಿಯನ್ನು ಕೇಳಿ ಅಲ್ಲಿಗೆ ಬಂದು ನೆಲಸಿದರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಉದುರಿ ಬಿದ್ದ ಅಕ್ಕಿಯ ಕಾಳುಗಳನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಆ ಅಕ್ಕಿಯನ್ನು ಹಸನುಮಾಡಿ ಅಟ್ಟು, ಬಂದ ಜಂಗಮರಿಗೆ ನೀಡಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುವುದು ಇಬ್ಬರ ದಿನಚರಿ. ನಾಳೆಗೆಂದು ಕೂಡಿಟ್ಟುದು ಒಂದು ಹಿಡಿಯೂ ಇರಲಿಲ್ಲ.

ಶೂನ್ಯಸಂಪಾದನೆಗಳಲ್ಲಿ ಇವರ ಪ್ರಸಂಗಕ್ಕೆ ಪ್ರತ್ಯೇಕವಾದ ಸ್ಥಾನವಿರುವುದು. ಒಂದು ದಿನ ಮಾರಯ್ಯನವರು ಅನುಭಾವದ ಗೋಷ್ಠಿಯಲ್ಲಿ ಮೈಮರೆತು ಕುಳಿತರು. ಹೊತ್ತು ಏರಿತು, ಕಾಯಕವು ನಿಂತಿತು. ಲಕ್ಕಮ್ಮನವರು ಪತಿಯನ್ನು ಎಚ್ಚರಿಸಿ ಕಾಯಕಕ್ಕೆ ಕಳುಹಿಸಿದರು. ಮಾರಯ್ಯನವರು ಅವಸರದಿಂದ ಹೋಗಿ ಅಕ್ಕಿಯನ್ನು ಆಯ್ದರು. ಇವರ ಬಡತನಕ್ಕೆ ಮರುಗಿದ ಬಸವಣ್ಣನವರು ಅಂದು ಅಂಗಳದಲ್ಲಿ ಎಂದಿಗಿಂತ ಹೆಚ್ಚು ಅಕ್ಕಿ ಬೀಳುವಂತೆ ಮಾಡಿದ್ದರೆಂದು ಪರಂಪರೆಯು ಹೇಳುವುದು. ಮಾರಯ್ಯನವರು ಸಂತೋಷದಿಂದ ಎಲ್ಲವನ್ನೂ ಕಟ್ಟಿಕೊಂಡು ಮನೆಗೆ ಬಂದರು. ಗಂಟಿನ ತೂಕವನ್ನು ಕಂಡ ಲಕ್ಕಮ್ಮನವರು ಸಂತೋಷಪಡಲಿಲ್ಲ. ಇದು ನಿಮ್ಮ ಮನಸ್ಸಿನಲ್ಲಿ ಹುಟ್ಟಿದ ಆಸೆಯೋ, ಬಸವಣ್ಣನವರ ಮನಸ್ಸಿನಲ್ಲಿ ಹುಟ್ಟಿದ ಅನುಮಾನವೋ ಎಂದು ಪ್ರಶ್ನಿಸಿ, ಅಂದಿನ ಅಳತೆಗೆ ಮೀರಿದುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದರು. ಮಾರಯ್ಯನವರು ಮರುಮಾತಾಡದೆ ಹಿಂದಿರುಗಿ ಹಾಗೆಯೇ ಮಾಡಿದರು.

ಈ ಪ್ರಸಂಗವನ್ನು ನಿರಾಸೆಯ ದೃಷ್ಟಾಂತವೆಂದಷ್ಟೇ ಓದಿ ಮುಗಿಸುವುದು ಸಲ್ಲದು. ಇದರಲ್ಲಿ ಮೂರು ಅಂಶಗಳು ಗಮನಿಸತಕ್ಕವುಗಳಾಗಿವೆ.

ಮೊದಲನೆಯದು, ಲಕ್ಕಮ್ಮನವರು ಹಸಿವನ್ನು ಹೊಗಳಲಿಲ್ಲವೆಂಬುದು. ಕಾಯಕವನ್ನು ಬಿಟ್ಟು ಗೋಷ್ಠಿಯಲ್ಲಿ ಕುಳಿತ ಪತಿಯನ್ನು ಎಬ್ಬಿಸಿ ಕಳಿಸಿದವರು ಅವರೇ. ದುಡಿಯದೆ ತೃಪ್ತನೆನ್ನಿಸಿಕೊಳ್ಳುವುದು ಅವರ ಮತದಲ್ಲಿ ಸೋಮಾರಿತನವೇ ಹೊರತು ವೈರಾಗ್ಯವಲ್ಲ. ಒಲೆಯು ಉರಿಯಲೇಬೇಕು, ಆದರೆ ಅದಕ್ಕೆ ಬೇಕಾದುದಕ್ಕಿಂತ ಹೆಚ್ಚಿನ ಸೌದೆಯನ್ನು ಅಟ್ಟದ ಮೇಲೆ ತುಂಬಿಕೊಳ್ಳಬೇಕಾಗಿಲ್ಲ.

ಎರಡನೆಯದು, ಹೆಚ್ಚಿನ ಅಕ್ಕಿಯು ಕದ್ದುದಲ್ಲ, ಬೇಡಿದುದಲ್ಲ, ದಯೆಯಿಂದ ಬಂದುದು. ಆದರೂ ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ಏಕೆಂದರೆ ಕಾಯಕದಿಂದ ಬಾರದ ಗಳಿಕೆಯು, ಕೊಟ್ಟವನು ಎಷ್ಟೇ ದೊಡ್ಡವನಾಗಿರಲಿ, ಪಡೆದವನನ್ನು ಚಿಕ್ಕವನನ್ನಾಗಿ ಮಾಡುವುದು. ನಾಡಿನ ಮಂತ್ರಿಯ ಮುಂದೆ ಅಕ್ಕಿ ಆಯುವವನ ಹೆಂಡತಿಯು ತಲೆಯೆತ್ತಿ ನಿಂತುದು ಈ ಒಂದು ನಿಯಮದ ಬಲದಿಂದಲೇ. ಬಸವಣ್ಣನವರಾದರೂ ಇದರಿಂದ ಮುನಿಯದೆ ಆ ದಂಪತಿಗಳ ಹಿರಿಮೆಯನ್ನು ಕೊಂಡಾಡಿದರು.

ಮೂರನೆಯದು, ತಿದ್ದಿದವಳು ಹೆಂಡತಿ, ತಿದ್ದಿಸಿಕೊಂಡವನು ಗಂಡ. ಮನೆಯ ಅಳತೆಯನ್ನು ಕಾಯುವ ಅಧಿಕಾರವು ಗಂಡನೊಬ್ಬನಲ್ಲಿಯೇ ಇರಲಿಲ್ಲ. ತಿದ್ದಿಸಿಕೊಂಡುದರಿಂದ ಮಾರಯ್ಯನವರ ಮಾನವು ಕುಂದಲಿಲ್ಲ. ತಿದ್ದಿದುದರಿಂದ ಲಕ್ಕಮ್ಮನವರು ಗರ್ವಿಸಲಿಲ್ಲ. ಇಬ್ಬರೂ ಕೂಡಿ ಆ ಸ್ವಲ್ಪ ಅಕ್ಕಿಯಿಂದಲೇ ಸಕಲ ಗಣಂಗಳಿಗೂ ಪ್ರಸಾದವನ್ನು ನೀಡಿದರೆಂದು ಕಥೆಯು ಮುಂದುವರಿಯುವುದು. ಅಕ್ಕಿಯು ಸಾಲದೆ ಬಾರದಿದ್ದುದು ಪವಾಡವೆಂದು ಭಕ್ತರು ನಂಬುವರು. ಅದಕ್ಕೂ ಮುಂಚೆ ಆ ಮನೆಯಲ್ಲಿ ನಡೆದುಹೋಗಿದ್ದ ಪವಾಡವನ್ನು ಮರೆಯಬಾರದು. ಮನೆಯ ಬಾಗಿಲಿಗೆ ಬಂದ ಹೆಚ್ಚಳವನ್ನು ಬಡವರಿಬ್ಬರು ಒಮ್ಮನಸ್ಸಿನಿಂದ ಹಿಂದಕ್ಕೆ ಕಳಿಸಿದ್ದರು.

ಕಟ್ಟಿಗೆಯ ಹೊರೆ, ಮಡಕೆಯ ನಾದ

ಇದೇ ಜಾಡಿನ ಇನ್ನೊಂದು ಸಂಸಾರವು ಮೋಳಿಗೆ ಮಾರಯ್ಯನವರದು. ಇವರು ಪೂರ್ವದಲ್ಲಿ ಕಾಶ್ಮೀರದ ಅರಸರಾಗಿದ್ದು, ರಾಜ್ಯವನ್ನು ತೊರೆದು ಪತ್ನಿಯೊಡನೆ ಕಲ್ಯಾಣಕ್ಕೆ ಬಂದರೆಂದು ಪರಂಪರೆಯು ಹೇಳುವುದು. ಮೋಳಿಗೆಯೆಂದರೆ ಕಟ್ಟಿಗೆಯ ಹೊರೆ. ಕಾಡಿನಿಂದ ಹೊರೆಯನ್ನು ಹೊತ್ತು ತಂದು ಮಾರಿ ಬಂದ ಹಣದಿಂದ ಜಂಗಮದಾಸೋಹವನ್ನು ನಡೆಸುವುದು ಇವರ ವ್ರತವಾಗಿದ್ದಿತು. ಒಮ್ಮೆ ಬಸವಣ್ಣನವರು ಜಂಗಮವೇಷದಿಂದ ಇವರ ಮನೆಗೆ ಬಂದು ಮಹಾದೇವಮ್ಮನವರು ನೀಡಿದ ಅಂಬಲಿಯನ್ನು ಸೇವಿಸಿ, ಯಾರಿಗೂ ಕಾಣದಂತೆ ಹೊನ್ನಿನ ಗಂಟನ್ನು ಇಟ್ಟುಹೋದರೆಂದೂ, ಮಾರಯ್ಯನವರು ಅದನ್ನು ತಮ್ಮದೆಂದು ಭಾವಿಸದೆ ಜಂಗಮರಿಗೆ ಹಂಚಿದರೆಂದೂ ಕಥೆಯುಂಟು. ಅರಸುತನದಲ್ಲಿ ದೊರೆಯದ ನಿಶ್ಚಿಂತೆಯು ಆ ಅಂಬಲಿಯ ಗಡಿಗೆಯಲ್ಲಿ ದೊರೆತಿದ್ದಿತು. ಕೊನೆಗಾಲದಲ್ಲಿ ಮಾರಯ್ಯನವರು ಲಿಂಗೈಕ್ಯವನ್ನು ಬೇರೆಲ್ಲಿಯೋ ಹೋಗಿ ಪಡೆಯತಕ್ಕ ವಸ್ತುವೆಂಬಂತೆ ಹಂಬಲಿಸಿದಾಗ, ಐಕ್ಯವು ಇದ್ದಲ್ಲಿಯೇ ಇರುವುದೆಂದು ತಿಳಿಯಹೇಳಿದವರು ಮಹಾದೇವಮ್ಮನವರೇ. ಇಲ್ಲಿಯೂ ಮನೆಯೊಡತಿಯು ಗುರುಸ್ಥಾನದಲ್ಲಿ ನಿಂತಿರುವಳು.

ಸಂತೃಪ್ತಿಯೆಂದರೆ ಗಂಟುಮೋರೆಯ ಮಿತವ್ಯಯವೆಂದು ತಿಳಿಯುವವರು ಕುಂಬಾರ ಗುಂಡಯ್ಯನವರ ಮನೆಯನ್ನು ನೋಡಬೇಕು. ಹರಿಹರ ಮಹಾಕವಿಯು ಈ ಶರಣರ ಮೇಲೆ ಒಂದು ರಗಳೆಯನ್ನೇ ರಚಿಸಿರುವನು. ಭಲ್ಲುಕೆಯೆಂಬ ಊರಿನಲ್ಲಿ ಗುಂಡಯ್ಯನವರೂ ಪತ್ನಿಯಾದ ಕೇತಲದೇವಿಯವರೂ ಮಣ್ಣನ್ನು ತುಳಿದು ಹದಮಾಡಿ ತಿಗುರಿಯ ಮೇಲೆ ಮಡಕೆಗಳನ್ನು ಮಾಡಿಕೊಂಡಿದ್ದರು. ಗುಂಡಯ್ಯನವರು ಮಾಡಿದ ಮಡಕೆಯನ್ನು ಬೆರಳಿನಿಂದ ಬಾರಿಸಿ ಅದರ ನಾದಕ್ಕೆ ಕುಣಿಯುವರು. ಆ ನಾದವು ಕೈಲಾಸವನ್ನು ಮುಟ್ಟಿತು. ಶಿವನೇ ಇಳಿದು ಬಂದು ಅವರ ಎದುರಿನಲ್ಲಿ ಕುಣಿದನು. ಮಡಕೆಯು ಒಡೆದಿದೆಯೋ ಸರಿಯಿದೆಯೋ ಎಂದು ಬಾರಿಸಿ ನೋಡುವುದು ಕುಂಬಾರನ ನಿತ್ಯದ ಕೆಲಸ. ಆ ನಿತ್ಯದ ಕೆಲಸವೇ ವಾದ್ಯವಾಯಿತು, ಅಂಗಳವೇ ರಂಗಮಂಟಪವಾಯಿತು. ಮನೆಯ ಆನಂದಕ್ಕೆ ಹೊರಗಿನಿಂದ ತರಬೇಕಾದ ಸಾಮಗ್ರಿಯು ಬಹಳವಿಲ್ಲವೆಂಬುದನ್ನು ಹರಿಹರನು ಇದಕ್ಕಿಂತ ಚೆನ್ನಾಗಿ ಹೇಳುವುದು ಸಾಧ್ಯವಿರಲಿಲ್ಲ.

ಮಕ್ಕಳನ್ನು ಕುರಿತು

ಇಂತಹ ಮನೆಗಳಲ್ಲಿ ಮಕ್ಕಳು ಹೇಗೆ ಬೆಳೆದರೆಂಬ ಪ್ರಶ್ನೆಯು ಮುಂದೆ ಬರುವುದು. ಶರಣರು ಶಿಶುಪಾಲನೆಯ ಮೇಲೆ ಪ್ರತ್ಯೇಕವಾದ ಶಾಸ್ತ್ರವನ್ನು ಬರೆದಿಟ್ಟಿಲ್ಲ. ಆದರೆ ಅವರ ಆಚಾರಗಳಿಂದಲೂ ಪುರಾಣಕಾರರು ಹೇಳಿದ ಕಥೆಗಳಿಂದಲೂ ಅವರ ಮನೋಧರ್ಮವು ಸ್ಪಷ್ಟವಾಗುವುದು.

ಹುಟ್ಟಿದ ಕೂಸಿಗೆ ಲಿಂಗವನ್ನು ಕಟ್ಟುವ ಸಂಪ್ರದಾಯವನ್ನು ಎಲ್ಲ ಭಕ್ತರೂ ಬಲ್ಲರು. ಹೆಣ್ಣು ಗಂಡೆಂಬ ಭೇದವು ಇದರಲ್ಲಿಲ್ಲ. ಇದರ ಅರ್ಥವನ್ನು ಮಾತ್ರ ತಂದೆತಾಯಿಗಳು ಒಮ್ಮೊಮ್ಮೆ ಮರೆಯುವರು. ಲಿಂಗವನ್ನು ಧರಿಸಿದ ಕೂಸು ತಂದೆತಾಯಿಗಳ ಸೊತ್ತಲ್ಲ. ಅದೂ ಒಂದು ಭಕ್ತಜೀವ. ವಯಸ್ಸಿನಲ್ಲಿ ಕಿರಿದಾದರೂ ಲಿಂಗದ ದೃಷ್ಟಿಯಲ್ಲಿ ಕಿರಿದಲ್ಲ. ಅದನ್ನು ಬೈದು ಬೆದರಿಸಿ ತನ್ನ ಅಚ್ಚಿನಲ್ಲಿ ಒತ್ತುವ ಅಧಿಕಾರವು ಯಾರಿಗೂ ಇಲ್ಲ.

ಸೊನ್ನಲಿಗೆಯ ಸಿದ್ಧರಾಮೇಶ್ವರರ ಬಾಲ್ಯವು ಇದಕ್ಕೆ ತಕ್ಕ ನಿದರ್ಶನವಾಗಿರುವುದು. ೧೩ನೆಯ ಶತಮಾನದ ರಾಘವಾಂಕನು ತನ್ನ ಸಿದ್ಧರಾಮಚಾರಿತ್ರದಲ್ಲಿ ಇದನ್ನು ವಿಸ್ತಾರವಾಗಿ ವರ್ಣಿಸಿರುವನು. ಮುದ್ದುಗೌಡ ಮತ್ತು ಸುಗ್ಗವ್ವೆಯರ ಈ ಮಗನು ಚಿಕ್ಕಂದಿನಲ್ಲಿ ಮಾತಿಲ್ಲದೆ ಇರುತ್ತಿದ್ದುದರಿಂದ ಜನರು ಮಂದಮತಿಯೆಂದು ತಿಳಿದರು. ತಂದೆತಾಯಿಗಳು ಮಗನನ್ನು ತೆಗೆದುಹಾಕಲಿಲ್ಲ. ಅವನಿಗೆ ಒಗ್ಗುವ ಕೆಲಸವನ್ನು, ಎಂದರೆ ದನ ಕಾಯುವುದನ್ನೂ ಹೊಲ ನೋಡಿಕೊಳ್ಳುವುದನ್ನೂ ಒಪ್ಪಿಸಿ ತಮ್ಮ ಪಾಡಿಗೆ ಬೆಳೆಯಗೊಟ್ಟರು. ಹೊಲದಲ್ಲಿ ಜಂಗಮರೂಪದಿಂದ ಬಂದ ಮಲ್ಲಯ್ಯನು ನವಣೆಯ ಬೆಳಸೆಯನ್ನು ತಿಂದು ಮತ್ತೂ ಉಣಿಸನ್ನು ಬೇಡಿದಾಗ ಆ ಹುಡುಗನು ಮನೆಗೆ ಓಡಿಬಂದನು. ಮಗನು ತಂದ ಮಾತನ್ನು ಮನೆಯಲ್ಲಿ ಹುಚ್ಚೆಂದು ತಳ್ಳಿಹಾಕಲಿಲ್ಲ; ಬೇಡಿದ ಉಣಿಸು ಅವನ ಕೈಗೆ ಬಂದಿತು. ಹಿಂದಿರುಗಿದಾಗ ಮಲ್ಲಯ್ಯನಿರಲಿಲ್ಲ. ಅವನನ್ನು ಅರಸುತ್ತ ಹೊರಟ ದಾರಿಯು ಶ್ರೀಶೈಲಕ್ಕೆ ಮುಟ್ಟಿತು. ಮಾತಿಲ್ಲದವನೆನಿಸಿದ್ದ ಆ ಬಾಲಕನೇ ಮುಂದೆ ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿ, ಊರನ್ನು ಪುಣ್ಯಕ್ಷೇತ್ರವನ್ನಾಗಿ ಮಾಡಿ, ಕಲ್ಯಾಣದ ಗಣದಲ್ಲಿ ಶಿವಯೋಗಿಯೆನಿಸಿದನು. ಬೇಗನೆ ಕಲಿಯದ ಮಗುವನ್ನು ಕಂಡು ಕಳವಳಪಡುವ ತಂದೆತಾಯಿಗಳು ಸುಗ್ಗವ್ವೆಯ ಸಮಾಧಾನವನ್ನು ನೆನೆಯಬೇಕು. ಮೊಳಕೆಯನ್ನು ಎಳೆದು ಉದ್ದಮಾಡುವ ಒಕ್ಕಲಿಗನು ಎಲ್ಲಿಯೂ ಇಲ್ಲ.

ಕೊಡಗೂಸಿನ ಕಥೆಯು ಹಿರಿಯರಿಗೆ ಬೇರೊಂದು ಎಚ್ಚರಿಕೆಯನ್ನು ಕೊಡುವುದು. ಕೋಳೂರಿನ ಶಿವಭಕ್ತನೊಬ್ಬನು ಪರಸ್ಥಳಕ್ಕೆ ಹೋಗುವಾಗ, ನಿತ್ಯವೂ ಗುಡಿಯ ಶಿವನಿಗೆ ಹಾಲನ್ನು ಸಲ್ಲಿಸಬೇಕೆಂದು ಎಳೆಯ ಮಗಳಿಗೆ ಹೇಳಿ ಹೋದನು. ಶಿವನು ಹಾಲನ್ನು ಕುಡಿಯುವನೆಂಬುದು ತಂದೆಗೆ ರೂಢಿಯ ಮಾತು. ಮಗಳಿಗೆ ಅದು ನಿಜವಾದ ಮಾತು. ಬಟ್ಟಲನ್ನು ಮುಂದಿಟ್ಟು ಕಾದಳು; ಕುಡಿಯದಿದ್ದಾಗ ತನ್ನಿಂದ ತಪ್ಪಾಯಿತೆಂದು ಅತ್ತಳು. ಆ ಮುಗ್ಧತೆಗೆ ಕರಗಿ ಶಿವನು ಕುಡಿದನು. ಹಿಂದಿರುಗಿದ ತಂದೆಯು ಮಗಳ ಮಾತನ್ನು ನಂಬದೆ ಸಿಟ್ಟಾದನು. ಕೊನೆಗೆ ಅವಳು ಲಿಂಗದಲ್ಲಿಯೇ ಐಕ್ಯಳಾದಳು. ತಡೆಯಹೋದ ತಂದೆಯ ಕೈಗೆ ಸಿಕ್ಕಿದುದು ಅವಳ ತಲೆಗೂದಲು ಮಾತ್ರ. ತನ್ನ ಮಗಳಿಗೆ ತಾನೇ ಕಲಿಸಿದ ಮಾತನ್ನು ತಾನೇ ನಂಬದ ತಂದೆಯ ಗತಿ ಇದು. ಮಕ್ಕಳಿಗೆ ಭಕ್ತಿಯನ್ನು ಬಾಯಿಂದ ಹೇಳಿ ನಡೆಯಲ್ಲಿ ಬಿಡುವವರಿಗೂ, ಮಕ್ಕಳು ಹೇಳಿದ ನಿಜವನ್ನು ವಿಚಾರಿಸದೆ ಸುಳ್ಳೆಂದು ಗದರುವವರಿಗೂ ಈ ಕಥೆಯು ಕನ್ನಡಿಯಾಗಿರುವುದು.

ತಾಯ್ತನದ ಹಿರಿಮೆಯನ್ನು ಹೇಳುವ ಕಥೆಯೊಂದು ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ ಇರುವುದು. ಈ ಗ್ರಂಥವನ್ನೇ ಅನುಸರಿಸಿ ಭೀಮಕವಿಯು ೧೩೬೯ರಲ್ಲಿ ಕನ್ನಡ ಬಸವಪುರಾಣವನ್ನು ರಚಿಸಿದನು. ಬೆಜ್ಜಮಹಾದೇವಿಯೆಂಬ ಭಕ್ತೆಯು ಶಿವನಿಗೆ ತಾಯಿಯಿಲ್ಲವಲ್ಲಾ ಎಂದು ಮರುಗಿ, ತಾನೇ ತಾಯಿಯಾಗಿ ಲಿಂಗಕ್ಕೆ ಎಣ್ಣೆಯೊತ್ತಿ, ನೀರೆರೆದು, ಕಾಡಿಗೆಯಿಟ್ಟು, ಹಾಲುಣಿಸಿ ಲಾಲಿಸಿದಳು. ಮಹಾಮಂತ್ರಗಳಿಲ್ಲದ, ಮಣೆಯ ಮೇಲೆ ಕೂಸನ್ನು ಮಲಗಿಸಿ ಎರೆಯುವ ಆ ಕೆಲಸವೇ ಪೂಜೆಯೆಂದು ಶಿವನು ಒಪ್ಪಿಕೊಂಡನು. ಹಸುಗೂಸಿನ ಆರೈಕೆಯಲ್ಲಿ ಪೂಜೆಯ ಹೊತ್ತು ತಪ್ಪಿತೆಂದು ನೊಂದುಕೊಳ್ಳುವ ತಾಯಂದಿರಿಗೆ ಇದಕ್ಕಿಂತ ಮಿಗಿಲಾದ ಅಭಯವು ಬೇರಿಲ್ಲ.

ಇನ್ನು ಮಹಾಮನೆಯ ವಿಷಯ. ಬಸವಣ್ಣನವರೇ ಎಳವೆಯಲ್ಲಿ ಹಿರಿಯರ ಮಾತಿಗೆ ಎದುರು ನುಡಿದವರು. ಎಂಟು ವರ್ಷದ ಬಾಲಕರಾಗಿದ್ದಾಗಲೇ ಉಪನಯನವನ್ನು ನಿರಾಕರಿಸಿದರೆಂದು ಭೀಮಕವಿಯು ಹೇಳುವನು. ತಂದೆತಾಯಿಗಳನ್ನು ಬಾಲ್ಯದಲ್ಲಿಯೇ ಕಳೆದುಕೊಂಡು ಅಜ್ಜಿಯ ಆಶ್ರಯದಲ್ಲಿ ಬೆಳೆದು, ಪ್ರಾಯಕ್ಕೆ ಬಂದಾಗ ಜನಿವಾರವನ್ನು ತೊರೆದು ಕೂಡಲಸಂಗಮಕ್ಕೆ ನಡೆದರೆಂದು ಹರಿಹರನು ಹೇಳುವನು. ಎರಡರಲ್ಲಿ ಯಾವುದನ್ನು ಹಿಡಿದರೂ ಎಳೆಯ ಮನಸ್ಸಿನ ಪ್ರಶ್ನೆಗೆ ಬೆಲೆಯುಂಟೆಂಬುದು ಅವರ ಬಾಳಿನಿಂದಲೇ ಸಿದ್ಧವಾಗುವುದು. ಆದುದರಿಂದಲೇ ಅಕ್ಕ ನಾಗಮ್ಮನವರ ಮಗನಾದ ಚನ್ನಬಸವಣ್ಣನವರು ಆ ಮನೆಯಲ್ಲಿ ಬೆಳೆದು, ಷಟ್‌ಸ್ಥಲಜ್ಞಾನದಲ್ಲಿ ಹಿರಿಯರಿಗೂ ಹಿರಿಯರೆನಿಸಿದಾಗ, ಸೋದರಮಾವನಾದ ಬಸವಣ್ಣನವರು ಅವರ ಮಾತಿಗೆ ತಲೆಬಾಗಿದರು. ಮಂತ್ರಿಪದವಿಯೂ ವಯಸ್ಸೂ ಸಂಬಂಧವೂ ಅಡ್ಡಬರಲಿಲ್ಲ. ಕಳ್ಳರು ಹಸುಗಳನ್ನು ಹೊಡೆದುಕೊಂಡು ಹೋದಾಗ, ತಾಯಿಯಿಲ್ಲದೆ ಕರುಗಳು ಅರಚಿಯಾವೆಂದು ಕರುಗಳನ್ನೂ ಹಿಂದೆಯೇ ಕಳಿಸಿಕೊಟ್ಟ ಮಹಾನುಭಾವರು ಅವರು. ಕರುವಿನ ದುಃಖವನ್ನು ಅರಿತವರಿಗೆ ಮನೆಯ ಮಕ್ಕಳ ಮನಸ್ಸನ್ನು ಅರಿಯುವುದು ಅಸಾಧ್ಯವೇ?

ಮನೆಯ ಬೆಲೆ

ಈ ಮನೆಗಳ ನೆಮ್ಮದಿಯು ಬೆಲೆಯಿಲ್ಲದೆ ದೊರೆತುದೆಂದು ತಿಳಿಯಬಾರದು. ಮನೆಯೊಳಗೆ ಜಾತಿಸೂತಕವಿಲ್ಲವೆಂದು ಒಪ್ಪಿದ ಮೇಲೆ ಮಕ್ಕಳ ವಿವಾಹದಲ್ಲಿ ಅದನ್ನು ಉಳಿಸಿಕೊಳ್ಳುವುದು ಆತ್ಮವಂಚನೆಯಾಗುವುದು. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣಕುಲದಿಂದ ಶರಣರಾಗಿದ್ದ ಮಧುವರಸರ ಮಗಳಿಗೂ ವಿವಾಹವಾಯಿತೆಂದೂ, ಅದನ್ನು ಸಹಿಸದ ಬಿಜ್ಜಳರಾಯನು ಆ ಹಿರಿಯರೀರ್ವರಿಗೂ ಘೋರವಾದ ಶಿಕ್ಷೆಯನ್ನು ವಿಧಿಸಿದನೆಂದೂ ಪರಂಪರೆಯ ಚರಿತ್ರೆಗಳು ಹೇಳುವುವು. ೧೧೬೭ರಲ್ಲಿ ಬಿಜ್ಜಳನ ಆಳಿಕೆಯು ಮುಗಿಯಿತು, ಶರಣರು ಚದುರಿದರು, ಚನ್ನಬಸವಣ್ಣನವರು ಉಳುವಿಯ ಕಾಡನ್ನು ಸೇರಿದರು. ಕಲ್ಯಾಣದ ಮಹಾಕ್ರಾಂತಿಯು ಅರಮನೆಯ ಸಿಂಹಾಸನಕ್ಕಾಗಿ ಹುಟ್ಟಿದುದಲ್ಲ. ಮನೆಯೊಂದರ ಹಂದರದ ಕೆಳಗೆ ಹುಟ್ಟಿದುದು. ಇಬ್ಬರು ತಂದೆಗಳು ತಮ್ಮ ಮಕ್ಕಳ ಬಾಳಿಗಾಗಿ ತಮ್ಮ ಪ್ರಾಣಗಳನ್ನು ಒಪ್ಪಿಸಿದರು. ಸರಳವಾದ ಗೃಹಸ್ಥಜೀವನವು ಹೇಡಿಗಳ ಆಶ್ರಯವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿಯು ಬೇಕಾಗಿಲ್ಲ.

ಮನೆಗಳು ಕಾಪಾಡಿದ ನಿಧಿ

ಕಲ್ಯಾಣವು ಅಳಿದ ಮೇಲೆ ಶರಣರ ನುಡಿಗಳು ಅಳಿಯದೆ ಉಳಿದುದು ಹೇಗೆ? ೧೫ನೆಯ ಶತಮಾನದಲ್ಲಿ ವಿಜಯನಗರದ ಕಾಲದ ವಿರಕ್ತರು ಅವುಗಳನ್ನು ಸಂಕಲಿಸಿದರು. ಶಿವಗಣಪ್ರಸಾದಿ ಮಹಾದೇವಯ್ಯನವರು ಶೂನ್ಯಸಂಪಾದನೆಯನ್ನು ಮೊದಲು ರಚಿಸಿದರು. ಆ ಬಳಿಕ ನೂರಾರು ವರುಷಗಳ ಕಾಲ ಆ ತಾಡವೋಲೆಗಳನ್ನು ಕಾಪಾಡಿದವರಲ್ಲಿ ಮಠಗಳೊಡನೆ ಸಾಮಾನ್ಯ ಭಕ್ತರ ಮನೆಗಳೂ ಸೇರಿವೆ. ಓದಲು ಬಾರದ ತಾಯಂದಿರೂ ಅವುಗಳನ್ನು ಜಗುಲಿಯ ಮೇಲಿಟ್ಟು ವಿಭೂತಿ ಹಚ್ಚಿ ಪೂಜಿಸಿಕೊಂಡು ಬಂದರು.

೨೦ನೆಯ ಶತಮಾನದ ಆರಂಭದಲ್ಲಿ, ಆಗ ಬಿಜಾಪುರವೆನಿಸಿದ್ದ ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಈ ಓಲೆಗಳನ್ನು ಅರಸಿ ಊರೂರು, ಮನೆಮನೆ ತಿರುಗಿದರು. ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. ೧೯೨೫ರಲ್ಲಿ ಸ್ವಂತ ಮನೆಯನ್ನು ಮಾರಿ ಮುದ್ರಣಾಲಯವನ್ನು ಸ್ಥಾಪಿಸಿದರು. ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ೧೯೬೪ರಲ್ಲಿ ಲಿಂಗೈಕ್ಯರಾಗುವವರೆಗೂ ಅವರು ನಡೆಸಿದ ಸರಳವಾದ ಬಾಳು ನಾಡಿಗೆಲ್ಲ ತಿಳಿದುದೇ. ಭಕ್ತರ ಮನೆಗಳು ಕಾಪಾಡಿದ್ದ ನಿಧಿಯನ್ನು ಬೆಳಕಿಗೆ ತರಲು ಒಬ್ಬ ಭಕ್ತರು ತಮ್ಮ ಮನೆಯನ್ನೇ ತೆತ್ತರು.

ಉಪಸಂಹಾರ

ಕಾಲವು ಬದಲಾಗಿರುವುದು. ಅಂಗಳದಲ್ಲಿ ಅಕ್ಕಿಯನ್ನು ಆಯುವವರು ಇಂದು ಇಲ್ಲ, ಹಗೇವುಗಳು ಮುಚ್ಚಿಹೋಗಿರುವುವು, ಮಕ್ಕಳು ದೂರದ ಊರುಗಳಲ್ಲಿ ಓದಿ ದೂರದ ನಾಡುಗಳಲ್ಲಿ ದುಡಿಯುವರು. ಗಳಿಕೆಯು ಹೆಚ್ಚಿದ ಮನೆಗಳಲ್ಲಿ ನೆಮ್ಮದಿಯು ಅದೇ ಪ್ರಮಾಣದಲ್ಲಿ ಹೆಚ್ಚಿಲ್ಲವೆಂಬುದನ್ನು ಮಠಕ್ಕೆ ಬಂದು ಮನಸ್ಸು ತೋಡಿಕೊಳ್ಳುವ ಭಕ್ತರೇ ಹೇಳುವರು. ಹಾಗೆಂದು ಎಲ್ಲರೂ ಮಾರಯ್ಯನವರಂತೆ ಅಂದಂದಿನ ಅಕ್ಕಿಯಲ್ಲಿಯೇ ಬಾಳಬೇಕೆಂದು ವಿಧಿಸುವುದು ವಿವೇಕವಲ್ಲ. ಮಕ್ಕಳ ವಿದ್ಯೆಗೂ ಮುಪ್ಪಿನ ಕಾಲಕ್ಕೂ ಬೇಕಾದುದನ್ನು ತೆಗೆದಿರಿಸುವುದು ಗೃಹಸ್ಥನ ಕರ್ತವ್ಯವೇ ಆಗಿರುವುದು. ಅನುಕರಿಸಬೇಕಾದುದು ಅವರ ಬಡತನವನ್ನಲ್ಲ, ಅಳತೆಯನ್ನು.

ಆ ಅಳತೆಯು ಕಷ್ಟವಾದುದಲ್ಲ. ಮನೆಗೆ ಬರುವ ಹಣವು ಕಾಯಕದಿಂದ ಬಂದುದಾಗಿರಲಿ. ಬಂದುದರಲ್ಲಿ ದಾಸೋಹದ ಪಾಲು ಮೊದಲು ಹೊರಡಲಿ. ಹೆಚ್ಚಾಯಿತೆಂದು ಹೆಂಡತಿಯು ಹೇಳಿದರೆ ಗಂಡನು ಲಾಲಿಸಲಿ. ಗಂಡನು ಹೇಳಿದರೆ ಹೆಂಡತಿಯು ಲಾಲಿಸಲಿ. ನೆರೆಮನೆಯ ಮಗುವಿನೊಡನೆ ತನ್ನ ಮಗುವನ್ನು ತೂಗದಿರಲಿ. ಸಾಯಂಕಾಲದ ಪೂಜೆಗೆ ಮನೆಯವರೆಲ್ಲರೂ ಒಂದು ಗಳಿಗೆ ಒಂದೆಡೆ ಕೂಡಲಿ. ಮಕ್ಕಳನ್ನು ಅದಕ್ಕೆ ಎಳೆದು ತರುವ ಬದಲು, ತಾವಾಗಿ ಬಂದು ಮಗ್ಗುಲಲ್ಲಿ ಕೂಡುವಂತೆ ಹಿರಿಯರ ನಡೆಯಿರಲಿ.

ಶ್ರೀಮಠದ ದೀಪವು ಉರಿಯುವುದು ಭಕ್ತರ ಮನೆಗಳ ಎಣ್ಣೆಯಿಂದ. ಆ ಮನೆಗಳಲ್ಲಿ ಕಾಯಕವೂ ದಾಸೋಹವೂ ಸಂತೃಪ್ತಿಯೂ ನೆಲಸಿ, ಮಕ್ಕಳು ನಿರ್ಭಯವಾಗಿ ಬೆಳೆದು, ಶರಣರ ಸಂತತಿಯು ಮುಂದುವರಿಯುವಂತೆ ಪರಶಿವನು ಅನುಗ್ರಹಿಸಲಿ.

ಶುಭಮಸ್ತು.